ಅಗ್ನಿಶಾಮಕ ದಳ ಎಲ್ಲಿ ನಿಂತಿರಬೇಕು?

ಸಕಲೇಶಪುರದಿಂದ ಮಂಗಳೂರಿನ ಕಡೆಗೆ ಹೊರಟ ಪ್ರಯಾಣಿಕನ ಕಣ್ಣಿಗೆ ಹೆಗ್ಗದ್ದೆ ಮಲೆನಾಡಿನ ಹತ್ತು ಹಳ್ಳಿಗಳಲ್ಲಿ ಒಂದು. ರಸ್ತೆ ಕಟ್ಟುವವರ ಲೆಕ್ಕದಲ್ಲಾದರೋ ಅದೊಂದು ಗಡಿ. ಇಲ್ಲಿಂದ ಅಡ್ಡಹೊಳೆಯವರೆಗೆ ಸುಮಾರು 26 ಕಿಲೋಮೀಟರು ಇಳಿಯುವ ದಾರಿಯೇ ಶಿರಾಡಿ ಘಾಟಿ. 2015ರಲ್ಲಿ ಒಮ್ಮೆ, 2018ರಲ್ಲಿ ಮತ್ತೊಮ್ಮೆ, ತಿಂಗಳುಗಟ್ಟಲೆ ಸಂಚಾರ ನಿಲ್ಲಿಸಿ ಈ ದಾರಿಗೆ ಕಾಂಕ್ರೀಟು ಹಾಸಲಾಯಿತು. ಬಂದರಿನ ಸರಕು ಹೊತ್ತ ಲಾರಿಗಳೂ ರಾತ್ರಿ ಬಸ್ಸುಗಳೂ ಅನಿಲದ ಟ್ಯಾಂಕರುಗಳೂ ಇದರ ತಿರುವುಗಳಲ್ಲಿ ಒಂದರ ಹಿಂದೊಂದು ಸಾಗುತ್ತವೆ. ಸುತ್ತ ಕಾಫಿಯ ತೋಟ, ಕೆಳಗೆ ದಟ್ಟವಾದ ಮಳೆಕಾಡು, ಮೇಲೆ ಬೇಸಗೆಯಲ್ಲಿ ಒಣಗಿ ನಿಂತ ಹುಲ್ಲಿನ ಬೋಳುಗುಡ್ಡ.

ಇಂಥ ನೆಲದಲ್ಲಿ ಬೆಂಕಿ ಬಿದ್ದರೆ ಅದನ್ನು ಆರಿಸುವ ವಾಹನ ಎಲ್ಲಿಂದ ಹೊರಡಬೇಕು? ಇದು ಆಡಳಿತದ ಪ್ರಶ್ನೆಯೆಂದು ತೋರಬಹುದು. ಇದರೊಳಗೆ ಸೊಗಸಾದ ಗಣಿತವೊಂದು ಅಡಗಿದೆ. ಅದನ್ನು ಬಿಡಿಸಲು ನಮ್ಮ ಕಾಲೇಜಿನ ವಿದ್ಯಾರ್ಥಿಗಳಿಗೆ ಕೂಡುವ ಕಳೆಯುವ ಲೆಕ್ಕಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ.

ಒಂದು ನೇರವಾದ ದಾರಿಯನ್ನು ಕಲ್ಪಿಸಿಕೊಳ್ಳೋಣ. ಸೊನ್ನೆಯಲ್ಲಿ ಸಕಲೇಶಪುರ, ಹನ್ನೆರಡನೆಯ ಕಿಲೋಮೀಟರಿನಲ್ಲಿ ಹೆಗ್ಗದ್ದೆ, ಮೂವತ್ತೆಂಟರಲ್ಲಿ ಅಡ್ಡಹೊಳೆ. ಹತ್ತು ಕರೆಗಳಲ್ಲಿ ಎಂಟು ಪಟ್ಟಣದಿಂದ, ಒಂದು ಹೆಗ್ಗದ್ದೆಯಿಂದ, ಒಂದು ಅಡ್ಡಹೊಳೆಯಿಂದ ಬರುತ್ತವೆ ಎಂದಿಟ್ಟುಕೊಳ್ಳೋಣ. ಕರೆಗಳ ಈ ಹಂಚಿಕೆ ಎಣಿಕೆಯ ಸೌಕರ್ಯಕ್ಕಾಗಿ ನಾವು ಮಾಡಿಕೊಂಡದ್ದು. ಠಾಣೆಯನ್ನು ಪಟ್ಟಣದಲ್ಲಿಟ್ಟರೆ ಹತ್ತು ಕರೆಗಳ ಒಟ್ಟು ದೂರ 50 ಕಿಲೋಮೀಟರು, ಸರಾಸರಿ ಐದು. ಅಡ್ಡಹೊಳೆಯವನು ಮಾತ್ರ 38 ಕಿಲೋಮೀಟರಿನಾಚೆಯ ನೆರವಿಗೆ ಕಾಯಬೇಕು. ಠಾಣೆಯನ್ನು ದಾರಿಯ ನಟ್ಟನಡುವೆ, 19ನೆಯ ಕಿಲೋಮೀಟರಿನಲ್ಲಿ ಇಟ್ಟರೆ ಯಾರಿಗೂ 19ಕ್ಕಿಂತ ಹೆಚ್ಚು ದೂರವಿಲ್ಲ. ಆದರೆ ಸರಾಸರಿ 17.8ಕ್ಕೆ ಏರುತ್ತದೆ. ಹೆಗ್ಗದ್ದೆಯಲ್ಲಿಟ್ಟರೆ ಸರಾಸರಿ 12.2, ಅತಿ ದೂರ 26.

ಇವುಗಳಲ್ಲಿ ಸರಿಯಾದ ಉತ್ತರ ಯಾವುದು? ಗಣಿತ ಇಲ್ಲಿ ಮೌನ ತಾಳುತ್ತದೆ. ಬಹುಜನರಿಗೆ ಬೇಗ ತಲುಪುವುದು ಮುಖ್ಯವೋ, ಅತಿ ದೂರದವನನ್ನು ಕೈಬಿಡದಿರುವುದು ಮುಖ್ಯವೋ ಎಂಬುದನ್ನು ನಾವು ಮೊದಲು ಹೇಳಿದರೆ ಮಾತ್ರ ಅದು ಸ್ಥಳವನ್ನು ತೋರಿಸಿಕೊಡುತ್ತದೆ. 1964ರಲ್ಲಿ ಹಕೀಮಿ ಎಂಬ ಅಮೆರಿಕದ ಗಣಿತಜ್ಞ ರಸ್ತೆಗಳ ಜಾಲದಲ್ಲಿ ಈ ಎರಡು ಬಗೆಯ ಬಿಂದುಗಳನ್ನು ಬೇರ್ಪಡಿಸಿ ತೋರಿಸಿದ. ಮೂರನೆಯ ದಾರಿಯೊಂದು ಆಮೇಲೆ ಬಳಕೆಗೆ ಬಂತು. ಸರಾಸರಿಯನ್ನೂ ಅತಿ ದೂರವನ್ನೂ ಬದಿಗಿಟ್ಟು, ಇಂತಿಷ್ಟು ನಿಮಿಷಗಳೊಳಗೆ ತಲುಪಬೇಕೆಂದು ಮೊದಲೇ ಗೊತ್ತುಮಾಡುವುದು; ಆ ಅವಧಿಯೊಳಗೆ ಎಲ್ಲ ಊರುಗಳೂ ಸಿಕ್ಕುವಂತೆ ಠಾಣೆಗಳನ್ನು ಹಂಚುವುದು. ನಮ್ಮ ದೇಶದಲ್ಲಿ ಗ್ರಾಮಾಂತರಕ್ಕೆ ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ 20 ನಿಮಿಷ.

ನೀರು ತುಂಬಿದ ಭಾರದ ವಾಹನ ಲಾರಿಗಳ ಸಾಲಿನ ನಡುವೆ, ತಿರುವುಗಳಲ್ಲಿ, ಗಂಟೆಗೆ 36 ಕಿಲೋಮೀಟರು ಸಾಗಿತೆನ್ನೋಣ. ಅಂದರೆ ನಿಮಿಷಕ್ಕೆ 600 ಮೀಟರು, ಇಪ್ಪತ್ತು ನಿಮಿಷಕ್ಕೆ 12 ಕಿಲೋಮೀಟರು. ಕರೆ ಕೇಳಿ, ಸಿಬ್ಬಂದಿ ಸಜ್ಜಾಗಿ, ವಾಹನ ಬಾಗಿಲು ದಾಟುವುದಕ್ಕೆ ಎರಡು ನಿಮಿಷ ಕಳೆದರೆ ಉಳಿಯುವುದು 10.8. ಪಟ್ಟಣದಿಂದ ಹೊರಟ ನೆರವು ಹೆಗ್ಗದ್ದೆಯ ಹೊಸ್ತಿಲಲ್ಲೇ ತನ್ನ ಅವಧಿಯನ್ನು ಮುಗಿಸಿಬಿಡುತ್ತದೆ. ಘಾಟಿ ಇನ್ನೂ ಆರಂಭವೇ ಆಗಿಲ್ಲ! ಘಾಟಿಯ ಮೇಲ್ಭಾಗ ಹಾಸನ ಜಿಲ್ಲೆಯದು, ಕೆಳಭಾಗ ದಕ್ಷಿಣ ಕನ್ನಡದ್ದು. ಇಂಥ ಗಡಿಯ ಪ್ರದೇಶ ಎರಡು ಯೋಜನೆಗಳಲ್ಲಿಯೂ ಅಂಚಾಗಿಯೇ ಉಳಿಯುವುದು ಸಹಜ. ನಕ್ಷೆ ಬರೆಯುವವರು ಜಿಲ್ಲೆಯ ಗೆರೆಯನ್ನು ಅಳಿಸಿ ನೋಡಬೇಕು.

ಹಾಗಾದರೆ ಠಾಣೆಗಳನ್ನು ಹೆಚ್ಚಿಸಿದರಾಯಿತಲ್ಲ ಎಂದು ಓದುಗರು ಕೇಳಬಹುದು. 1973ರಲ್ಲಿ ನ್ಯೂಯಾರ್ಕಿನ ಅಗ್ನಿಶಾಮಕ ದಳದ ಸಮಸ್ಯೆಗಳನ್ನು ಅಭ್ಯಸಿಸುತ್ತಿದ್ದ ಕೋಲೆಸಾರ್ ಮತ್ತು ಬ್ಲಮ್ ಎಂಬವರು ಇದಕ್ಕೊಂದು ನಿಯಮವನ್ನು ಕೊಟ್ಟರು. ಸರಾಸರಿ ದೂರ ಕಡಿಮೆಯಾಗುವುದು ಠಾಣೆಗಳ ಸಂಖ್ಯೆಯ ಅನುಪಾತದಲ್ಲಿ ಅಲ್ಲ, ಅದರ ವರ್ಗಮೂಲದ ಅನುಪಾತದಲ್ಲಿ. ಸಕಲೇಶಪುರ ತಾಲ್ಲೂಕಿನ ವಿಸ್ತೀರ್ಣ ಸುಮಾರು 1000 ಚದರ ಕಿಲೋಮೀಟರು. ಅದನ್ನೊಂದು ವೃತ್ತವೆಂದು ಭಾವಿಸಿ ನಡುವೆ ಒಂದು ಠಾಣೆಯಿಟ್ಟರೆ ಸರಾಸರಿ ನೇರ ದೂರ 12 ಕಿಲೋಮೀಟರಿನಷ್ಟು. ಅದನ್ನು ಆರಕ್ಕಿಳಿಸಲು ನಾಲ್ಕು ಠಾಣೆ ಬೇಕು, ಮೂರಕ್ಕಿಳಿಸಲು ಹದಿನಾರು! ಯಾವ ಬೊಕ್ಕಸವೂ ಈ ಮೆಟ್ಟಲುಗಳನ್ನು ಬಹು ಕಾಲ ಹತ್ತಲಾರದು.

ಮಲೆನಾಡು ಈ ಲೆಕ್ಕವನ್ನು ಇನ್ನೊಂದು ಬಗೆಯಲ್ಲಿಯೂ ಕೆಡಿಸುತ್ತದೆ. 2022ರ ಜುಲೈಯಲ್ಲಿ ಸಕಲೇಶಪುರಕ್ಕೂ ಹೆಗ್ಗದ್ದೆಗೂ ನಡುವಿನ ದೋಣಿಗಾಲದ ಬಳಿ ಹೆದ್ದಾರಿ ಕುಸಿದು ಸಂಚಾರವನ್ನು ನಿರ್ಬಂಧಿಸಬೇಕಾಯಿತು. 2024ರ ಜುಲೈಯಲ್ಲಿ ದೊಡ್ಡತಪ್ಪಲೆಯ ಬಳಿ ಗುಡ್ಡ ಜರಿಯಿತು. ಅಂಥ ದಿನ 12 ಕಿಲೋಮೀಟರು ಎಂಬ ಅಂಕಿಗೆ ಅರ್ಥವೇ ಇಲ್ಲ. ಜಾಲದ ಎಳೆಯೇ ಕಡಿದಿರುತ್ತದೆ. ಆದ್ದರಿಂದ ಮಳೆಗಾಲದ ನಕ್ಷೆ ಬೇರೆ, ಬೇಸಗೆಯ ನಕ್ಷೆ ಬೇರೆ. ಆಷಾಢದಲ್ಲಿ ಮರ ಕೊಯ್ಯುವ ಗರಗಸ, ಹಗ್ಗ, ಗಾಯಾಳುಗಳನ್ನು ಸಾಗಿಸುವ ವಾಹನ ಕುಸಿತದ ಎರಡೂ ಬದಿಗಳಲ್ಲಿ ಮೊದಲೇ ಕಾದಿರಬೇಕು.

ಇನ್ನು ಕೆಲವು ಅಪಘಾತಗಳು ಯಾವ ಠಾಣೆಗೂ ಕಾಯುವುದಿಲ್ಲ. 2013ರ ಏಪ್ರಿಲ್ 9ರಂದು ಇದೇ ಹೆದ್ದಾರಿಯಲ್ಲಿ, ಘಾಟಿಯ ಕೆಳಗೆ ಉಪ್ಪಿನಂಗಡಿಯಾಚೆಯ ಪೆರ್ನೆಯಲ್ಲಿ, ಅಡುಗೆ ಅನಿಲದ ಟ್ಯಾಂಕರೊಂದು ಉರುಳಿ ಬೆಂಕಿ ಹೊತ್ತಿತು. ಪಕ್ಕದ ಮನೆಗಳು ಸುಟ್ಟವು, ಹಲವರು ಪ್ರಾಣ ಕಳೆದುಕೊಂಡರು. ದ್ರವರೂಪದ ಈ ಅನಿಲ ಹೊರಬಿದ್ದೊಡನೆ ಸುಮಾರು 250 ಪಟ್ಟು ಹಿಗ್ಗುತ್ತದೆ. ಗಾಳಿಗಿಂತ ಭಾರವಾದುದರಿಂದ ಮೇಲೇರಿ ಚದರದೆ ನೀರಿನಂತೆ ತಗ್ಗನ್ನು ಹುಡುಕಿ ಹರಿಯುತ್ತದೆ. ಎಲ್ಲೋ ಒಂದು ಒಲೆಯ ಕಿಡಿ ಸಾಕು. ಅಲ್ಲಿ ಜೀವ ಉಳಿಸುವುದು ಮೊದಲ ಕೆಲವು ನಿಮಿಷಗಳ ತಿಳಿವಳಿಕೆ: ಒಲೆ ಆರಿಸುವುದು, ವಾಹನಗಳನ್ನು ದೂರದಲ್ಲೇ ತಡೆಯುವುದು, ಗಾಳಿ ಬೀಸಿ ಬರುವ ದಿಕ್ಕಿಗೆ, ಎತ್ತರದ ಕಡೆಗೆ ಸರಿಯುವುದು. ರಸ್ತೆಯಂಚಿನ ಮನೆಯವರಿಗೆ, ಶಾಲೆಯ ಮಕ್ಕಳಿಗೆ ಇದನ್ನು ಕಲಿಸುವುದೂ ಯೋಜನೆಯ ಭಾಗವೇ. ಯೋಜನೆಯೆಂದರೆ ಹೊಸ ಕಟ್ಟಡ, ಕೆಂಪು ಬಣ್ಣದ ಹೊಸ ವಾಹನ ಎಂದು ತಿಳಿಯುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ.

ಗುಡ್ಡದ ಹುಲ್ಲಿನ ಬೆಂಕಿಯ ವಿಷಯವಂತೂ ಮತ್ತೂ ಕಠಿಣ. ಜ್ವಾಲೆ ಮೇಲಿನ ಹುಲ್ಲಿನತ್ತ ಬಾಗಿ, ಅದನ್ನು ತಾಗುವ ಮೊದಲೇ ಒಣಗಿಸುತ್ತದೆ. ಆದುದರಿಂದ ಇಳಿಜಾರು ಹತ್ತು ಡಿಗ್ರಿ ಹೆಚ್ಚಿದಂತೆಲ್ಲ ಮೇಲ್ಮುಖದ ಬೆಂಕಿಯ ವೇಗ ಹೆಚ್ಚುಕಡಿಮೆ ಇಮ್ಮಡಿಸುತ್ತದೆ. ಮಟ್ಟಸ ನೆಲದ ವೇಗಕ್ಕೆ ಹೋಲಿಸಿದರೆ ಇಪ್ಪತ್ತು ಡಿಗ್ರಿಯ ಏರಿನಲ್ಲಿ ನಾಲ್ಕು ಪಟ್ಟು, ಮೂವತ್ತರಲ್ಲಿ ಎಂಟು ಪಟ್ಟು. ಏರುಹಾದಿಯಲ್ಲಿ ಮನುಷ್ಯನ ಓಟ ಕುಗ್ಗುವಾಗ ಬೆಂಕಿಯ ಓಟ ಹೆಚ್ಚುತ್ತದೆ. 2023ರ ಫೆಬ್ರುವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಕಾಡುಮನೆಯ ಬಳಿ ಕಾಡ್ಗಿಚ್ಚನ್ನು ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಸುಟ್ಟಗಾಯಗಳಿಂದ ಮರಣ ಹೊಂದಿದರು. ಅವರು ಹೋರಾಡಿದಂಥ ನೆಲಕ್ಕೆ ಠಾಣೆಯ ವಾಹನ ಏರಲಾರದು. ಹಸಿ ಸೊಪ್ಪಿನ ಕೊಂಬೆ, ಮೊದಲೇ ಸವರಿಟ್ಟ ಬೆಂಕಿರೇಖೆ, ಹತ್ತಿರದಲ್ಲೆಲ್ಲೋ ಇರುವ ನೀರು, ಅಲ್ಲಿನ ಆಧಾರ ಇಷ್ಟೆ.

ನೀರಿನ ಮಾತು ಬಂದಾಗ ಮಲೆನಾಡಿನದೇ ಒಂದು ಅನುಕೂಲವನ್ನು ನೆನೆಯಬೇಕು. ಅಗ್ನಿಶಾಮಕ ವಾಹನವೊಂದು ಸಾಮಾನ್ಯವಾಗಿ ಹೊರುವುದು 4500 ಲೀಟರು ನೀರು. ನಿಮಿಷಕ್ಕೆ 450 ಲೀಟರಿನಂತೆ ಚಿಮ್ಮಿಸಿದರೆ ಹತ್ತೇ ನಿಮಿಷಕ್ಕೆ ಬರಿದು. ಆದರೆ ಫೆಬ್ರುವರಿ, ಮಾರ್ಚಿಯಲ್ಲಿ, ಕಾಡ್ಗಿಚ್ಚಿನ ಕಾಲದಲ್ಲಿಯೇ, ಅನೇಕ ಕಾಫಿ ತೋಟಗಳಲ್ಲಿ ಹೂವರಳಿಸಲು ನೀರು ಹಾಯಿಸುತ್ತಾರೆ. ಕೆರೆಯ ಅಂಚಿಗೆ ಡೀಸೆಲ್ ಪಂಪು ಬಂದಿರುತ್ತದೆ, ಗುಡ್ಡದ ಮೇಲಿನವರೆಗೆ ಕೊಳವೆ ಹಾಸಿರುತ್ತದೆ, ಅದನ್ನು ನಡೆಸಬಲ್ಲ ಆಳುಗಳೂ ಅಲ್ಲೇ ಇರುತ್ತಾರೆ. ಯಾವ ತೋಟದಲ್ಲಿ ಎಷ್ಟು ನೀರು, ಎಷ್ಟು ಶಕ್ತಿಯ ಪಂಪು, ಅಲ್ಲಿಗೆ ವಾಹನ ಹೋಗುವ ದಾರಿ ಯಾವುದು ಎಂಬುದನ್ನು ಒಂದು ನಕ್ಷೆಯಲ್ಲಿ ಗುರುತಿಸಿಟ್ಟರೆ ಹದಿನಾರು ಠಾಣೆಗಳ ಕೆಲಸದಲ್ಲಿ ಸ್ವಲ್ಪವನ್ನಾದರೂ ಅದು ಮಾಡೀತು.

ಒಂದು ಸಣ್ಣ ತೊಡಕು ಮಾತ್ರ ಉಳಿಯುತ್ತದೆ. ತೋಟದ ಕೊಳವೆಯ ಬಾಯಿಗೂ ದಳದ ಮೆದುಕೊಳವೆಯ ಬಾಯಿಗೂ ಹೊಂದಿಕೆಯಿಲ್ಲ. 1904ರ ಫೆಬ್ರುವರಿಯಲ್ಲಿ ಅಮೆರಿಕದ ಬಾಲ್ಟಿಮೋರ್ ನಗರ ಉರಿಯುತ್ತಿದ್ದಾಗ ವಾಷಿಂಗ್ಟನ್ನಿನಿಂದಲೂ ಫಿಲಡೆಲ್ಫಿಯದಿಂದಲೂ ದಳಗಳು ಧಾವಿಸಿ ಬಂದವು. ಅವರ ಕೊಳವೆಗಳು ಅಲ್ಲಿನ ನೀರಿನ ನಲ್ಲಿಗಳಿಗೆ ಕೂಡಲಿಲ್ಲ. ನಗರದ 1500ಕ್ಕೂ ಹೆಚ್ಚು ಕಟ್ಟಡಗಳು ಸುಟ್ಟುಹೋದವು. ಎರಡು ಅಳತೆಗಳನ್ನು ಕೂಡಿಸುವ ಆ ಲೋಹದ ಬಿಲ್ಲೆಯನ್ನು ಸಕಲೇಶಪುರದ ಯಾವ ಲೇತ್ ಕಾರ್ಖಾನೆಯಲ್ಲಿ ಬೇಕಾದರೂ ಕಡೆಸಬಹುದು.