ಹೆಬ್ಬೆಟ್ಟಿನಿಂದ ಸಹಿವರೆಗೆ

ಉತ್ತರ ಕನ್ನಡದ ಕುಮಟಾ ತಾಲ್ಲೂಕಿನ ಸಂತೆಗುಳಿಯಂಥ ಊರುಗಳಲ್ಲಿ ಅಕ್ಷರದ ಚರಿತ್ರೆಯನ್ನು ಶಾಲೆಯ ಹಾಜರಿ ಪುಸ್ತಕದಲ್ಲಷ್ಟೇ ಹುಡುಕಿದರೆ ಅರ್ಧವೂ ಸಿಗದು. ಉಳಿದದ್ದು ಗೇಣಿಯ ಲೆಕ್ಕದಲ್ಲಿದೆ.

ಹಳೆಯ ಗಾಂವಟಿ ಶಾಲೆಗಳಲ್ಲಿ ಓದು ಶುರುವಾಗುತ್ತಿದ್ದುದು ಬೆರಳಿನಿಂದ. ಹರವಿದ ಮರಳಿನ ಮೇಲೆ ಮಾಸ್ತರರು ಬರೆದದ್ದನ್ನು ಹುಡುಗ ತಿದ್ದಿ ತಿದ್ದಿ ಬೆರಳು ಕೆಂಪಾಗಬೇಕು. ಆಮೇಲೆ ರಾಗವಾಗಿ ಕಾಗುಣಿತ, ಸಂಜೆ ಸಾಲಾಗಿ ಕುಳಿತು ಮಗ್ಗಿ. ಅಕ್ಷರ ಮೊದಲೋ ಪದ ಮೊದಲೋ ಎಂದು ಇಂದಿನ ತಜ್ಞರು ಚರ್ಚಿಸುತ್ತಾರೆ. ಆ ಮಾಸ್ತರರಿಗೆ ಅಂಥ ಅನುಮಾನವೇ ಇರಲಿಲ್ಲ.

1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಹೋಯಿತು. ಅಲ್ಲಿಂದ ಮುಂದೆ ಓದಿಗೆ ದಿಕ್ಕು ಧಾರವಾಡ. ಏಳನೆಯ ಇಯತ್ತೆ ಮುಗಿಸಿ ಮುಲ್ಕಿ ಪರೀಕ್ಷೆ ಪಾಸಾದವನಿಗೆ ಮಾಸ್ತರಿಕೆ, ಮಾಸ್ತರಿಕೆಗೆ ಊರೆಲ್ಲ ಗೌರವ.

ಆದರೆ ಆ ಶಾಲೆಗಳಲ್ಲಿ ಕುಳಿತವರು ಯಾರು? ಹೆಚ್ಚಾಗಿ ಹವ್ಯಕರ, ಸಾರಸ್ವತರ ಗಂಡುಮಕ್ಕಳು. ಹಾಲಕ್ಕಿ, ನಾಮಧಾರಿ, ಮುಕ್ರಿ ಮಕ್ಕಳು ದನದ ಹಿಂದೆ. ಅವರ ಮನೆಗೆ ಕಾಗದ ಬರುತ್ತಿದ್ದುದು ಸುಗ್ಗಿ ಮುಗಿದ ಮೇಲೆ, ಗೇಣಿ ಅಳೆದ ಪಾವತಿಯ ರೂಪದಲ್ಲಿ. ಅದೂ ಒಡೆಯರು ಮನಸ್ಸು ಮಾಡಿದರೆ. ಹತ್ತು ಮುಡಿ ಅಳೆದವನಿಗೆ ಕಾಗದದಲ್ಲಿ ಎಂಟೇ ಇದೆಯೆಂದು ಓದಿ ಹೇಳುವವರು ಯಾರು? ಅವನು ಹೆಬ್ಬೆಟ್ಟೊತ್ತಿ ಬರುತ್ತಿದ್ದ.

ಕವಿ ದಿನಕರ ದೇಸಾಯಿಯವರಿಗೆ ಈ ಮೋಸ ಚೆನ್ನಾಗಿ ಗೊತ್ತಿತ್ತು. ಅಂಕೋಲೆ, ಕುಮಟೆಯ ಗೇಣಿ ಒಕ್ಕಲುಗಳನ್ನು ಸಂಘಟಿಸಿದ್ದಕ್ಕೆ 1940ರಲ್ಲಿ ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದ ಗಡಿಪಾರು ಮಾಡಿತು. 1953ರಲ್ಲಿ ಅವರು ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಗಾಡಿಗೆ ಹೈಸ್ಕೂಲು ತಂದರು. ನಾಡು ಅವರನ್ನು ಚುಟುಕದಿಂದ ನೆನೆಯುತ್ತದೆ. ನನ್ನ ಲೆಕ್ಕದಲ್ಲಿ ಈ ಹೈಸ್ಕೂಲುಗಳೇ ಅವರ ದೊಡ್ಡ ಕೃತಿ.

1974ರ ಭೂ ಸುಧಾರಣೆಯಲ್ಲಿ ಉಳುವವನಿಗೆ ಹೊಲ ಸಿಕ್ಕಿದ್ದೂ ಸುಮ್ಮನೆ ಅಲ್ಲ, ಫಾರಂ ನಂಬರ್ 7 ತುಂಬಿಕೊಟ್ಟ ಮೇಲೆ. ಸರ್ವೆ ನಂಬರು, ಎಕರೆ, ಗುಂಟೆ, ಒಡೆಯರ ಹೆಸರು ಎಲ್ಲವನ್ನೂ ಬರೆಯಬೇಕು, ಆಮೇಲೆ ಟ್ರಿಬ್ಯೂನಲ್ಲಿನ ಎದುರು ನಿಲ್ಲಬೇಕು. ಮನೆಯಲ್ಲೊಬ್ಬ ಓದಿದ ಮಗನಿದ್ದರೆ ಆ ಕೆಲಸಕ್ಕೆ ಇನ್ನೊಬ್ಬರ ಜಗಲಿ ಕಾಯಬೇಕಿರಲಿಲ್ಲ.

ಮಗನಿದ್ದರೆ ಎಂದೆ. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 84. ಗಂಡಸರದು ಹತ್ತಿರ ಹತ್ತಿರ 90, ಹೆಂಗಸರದು 78. ಗೇಣಿ ಪಾವತಿ ಇರುತ್ತಿದ್ದುದು ಸಾಮಾನ್ಯವಾಗಿ ಗಂಡಸಿನ ಹೆಸರಿನಲ್ಲಿ. ಮನೆಗೆ ಬಂದ ಮೊದಲ ಪಾಟಿಯೂ ಗಂಡುಮಗುವಿನ ಕೈಗೇ ಹೋಯಿತು.