ಜರ್ಮನಿಯಲ್ಲಿ ಮೊದಲ ತಿಂಗಳು: ಒಂದು ಜಮಾ-ಖರ್ಚು

ವಿದೇಶಕ್ಕೆ ಹೋಗಿ ಎಂ.ಎಸ್. ಮಾಡಬೇಕು ಎಂಬ ಮಾತು ನಮ್ಮ ಕಾಲೇಜಿನಲ್ಲೂ ಕೇಳಿಬರುತ್ತದೆ. ಯಾವ ದೇಶ, ಯಾವ ವಿಶ್ವವಿದ್ಯಾಲಯ ಎಂದು ಎಲ್ಲರೂ ಚರ್ಚಿಸುತ್ತಾರೆ. ಅಲ್ಲಿ ಇಳಿದ ಮೇಲೆ ಮೊದಲ ತಿಂಗಳು ಹೇಗೆ ಕಳೆಯಬೇಕು ಎಂದು ಕೇಳುವವರು ಕಡಿಮೆ. ನಮ್ಮ ಆಪಾ ಈ ವರ್ಷ ಜರ್ಮನಿಗೆ ಹೋಗಲು ತಯಾರಿ ನಡೆಸಿದ್ದಾರೆ. ಅಬ್ಬಾ ಉಳಿಸಿದ ಹಣಕ್ಕೆ ಮಾಮು ಕೊಟ್ಟ ಕೈಗಡ ಸೇರಿದೆ, ಅದಕ್ಕಿಂತ ಹೆಚ್ಚು ಇಲ್ಲ. ಮನೆಯಲ್ಲಿ ಕಾಮರ್ಸ್ ಓದುವವನು ನಾನೊಬ್ಬನೇ ಆದ್ದರಿಂದ ಲೆಕ್ಕದ ಪುಸ್ತಕ ನನ್ನ ಕೈಗೆ ಬಂತು. ಹಾಗೆ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರು ಸೆಮಿಸ್ಟರಿಗೆ 1,500 ಯೂರೊ ಕಟ್ಟಬೇಕು. ಶುಲ್ಕ ಇಲ್ಲದಿದ್ದರೂ ಊಟ, ಬಾಡಿಗೆಗೆ ಹಣವಿದೆ ಎಂದು ವೀಸಾಕ್ಕೆ ತೋರಿಸಬೇಕು. ಅದಕ್ಕಾಗಿ ಸಾಮಾನ್ಯವಾಗಿ ‘ಬ್ಲಾಕ್ಡ್ ಅಕೌಂಟ್’ ತೆರೆಯುತ್ತಾರೆ. ಸದ್ಯ ಒಂದು ವರ್ಷಕ್ಕೆ 11,904 ಯೂರೊ, ಅಂದರೆ ಹತ್ತು ಲಕ್ಷ ರೂಪಾಯಿಗೂ ಹೆಚ್ಚು, ಅದರಲ್ಲಿ ಇಡಬೇಕು. ಹಣ ನಮ್ಮದೇ, ಆದರೆ ತಿಂಗಳಿಗೆ 992 ಯೂರೊ ಮಾತ್ರ ಕೈಗೆ ಸಿಗುತ್ತದೆ.

ಆ 992 ಕೂಡ ಇಳಿದ ದಿನವೇ ಸಿಗುವುದಿಲ್ಲ. ಅದು ಬರಲು ಅಲ್ಲಿ ಒಂದು ಬ್ಯಾಂಕ್ ಖಾತೆ ಬೇಕು. ಖಾತೆಗೆ ಅನೇಕ ಬ್ಯಾಂಕುಗಳು ವಿಳಾಸ ನೋಂದಣಿಯ ಪತ್ರ ಕೇಳುತ್ತವೆ. ಈ ನೋಂದಣಿಗೆ ‘ಆನ್‌ಮೆಲ್ಡುಂಗ್’ ಎನ್ನುತ್ತಾರೆ. ಮನೆ ಸೇರಿದ ಎರಡು ವಾರದೊಳಗೆ ಮಾಡಿಸಬೇಕು ಎಂಬುದು ಕಾನೂನು. ಅದಕ್ಕೆ ಮನೆ ಕೊಟ್ಟವರು ಸಹಿ ಮಾಡಿದ ಪತ್ರ ಬೇಕು. ಬರ್ಲಿನ್‌ನಂಥ ದೊಡ್ಡ ನಗರದಲ್ಲಿ ಕಚೇರಿಯ ಅಪಾಯಿಂಟ್‌ಮೆಂಟ್ ಸಿಗಲು ವಾರಗಳೇ ಹಿಡಿಯಬಹುದು. ಹೀಗೆ ಮನೆ, ನೋಂದಣಿ, ಖಾತೆ, ಹಣ ಒಂದಕ್ಕೊಂದು ಕೊಂಡಿ ಹಾಕಿಕೊಂಡಿವೆ.

ಮೊದಲ ತಿಂಗಳ ಖರ್ಚನ್ನು ಉದಾಹರಣೆಯಾಗಿ ನೋಡೋಣ:

ಬಾಡಿಗೆ (ಹೀಟಿಂಗ್ ಸೇರಿ) – 450 ಯೂರೊ
ಮನೆಯ ಡಿಪಾಸಿಟ್ – 1,050
ಆರೋಗ್ಯ ವಿಮೆ – 150
ಸೆಮಿಸ್ಟರ್ ವಂತಿಗೆ – 300
ಒಟ್ಟು – 1,950 ಯೂರೊ

ಊಟ ಇನ್ನೂ ಸೇರಿಲ್ಲ, ಆಗಲೇ 992ರ ಸುಮಾರು ಎರಡರಷ್ಟಾಯಿತು. ನಮ್ಮ ಪಾಠದ ಭಾಷೆಯಲ್ಲಿ ಹೇಳುವುದಾದರೆ, ಆಸ್ತಿ ಇದೆ, ನಗದು ಇಲ್ಲ. ಆದ್ದರಿಂದ ಬ್ಲಾಕ್ಡ್ ಅಕೌಂಟಿನ ಹೊರಗೆ ಎರಡು ತಿಂಗಳ ಹಣವನ್ನು ಫಾರೆಕ್ಸ್ ಕಾರ್ಡಿನಲ್ಲಿ ಬೇರೆ ಇಡಬೇಕು ಎಂದು ಅಬ್ಬಾಗೆ ಹೇಳಿದೆ. ಅದಕ್ಕಾಗಿ ಆಪಾ ಹೊಸ ಲ್ಯಾಪ್‌ಟಾಪ್ ಬಿಟ್ಟುಕೊಟ್ಟರು.

ಡಿಪಾಸಿಟ್ ವಿಷಯದಲ್ಲಿ ಒಂದು ಅನುಕೂಲವಿದೆ. ಹೀಟಿಂಗ್ ಮುಂತಾದವು ಸೇರದ ಬಾಡಿಗೆಯ ಮೂರು ತಿಂಗಳ ಮೊತ್ತಕ್ಕಿಂತ ಹೆಚ್ಚು ಕೇಳುವಂತಿಲ್ಲ, ಅದನ್ನು ಮೂರು ಕಂತಿನಲ್ಲಿ ಕೊಡಲು ಕಾನೂನೇ ಅವಕಾಶ ಕೊಟ್ಟಿದೆ. ಇನ್ನೊಂದು ಮಾತು: ರೂಮು ನೋಡದೆ, ಇಂಟರ್‌ನೆಟ್ಟಿನ ಫೋಟೊ ನಂಬಿ ಹಣ ಕಳಿಸಬಾರದು. ಪ್ರವೇಶ ಪತ್ರ ಬಂದ ಕೂಡಲೇ ವಿದ್ಯಾರ್ಥಿನಿಲಯಕ್ಕೆ ಅರ್ಜಿ ಹಾಕುವುದು ಒಳ್ಳೆಯದು, ಅಲ್ಲಿ ಕಾಯುವವರ ಪಟ್ಟಿ ಉದ್ದ ಇರುತ್ತದೆ.

ದಿನದ ಬದುಕಿನಲ್ಲೂ ಕಲಿಯುವುದಿದೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ದಿನಸಿ ತರಬೇಕು. ಅಂಚೆ ಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ತೆರಿಗೆ ಸಂಖ್ಯೆಯ ಪತ್ರವೂ ಕೈಸೇರದು. ಆ ಸಂಖ್ಯೆ ಕೆಲಸಕ್ಕೆ ಬೇಕು. ವರ್ಷಕ್ಕೆ 140 ಪೂರ್ಣ ದಿನ ದುಡಿಯಲು ನಮ್ಮವರಿಗೆ ಅನುಮತಿ ಇದೆ. ಆದರೆ ಮೊದಲ ತಿಂಗಳೇ ಕೆಲಸ ಸಿಗುತ್ತದೆ ಎಂದು ಲೆಕ್ಕ ಹಾಕಬಾರದು. ಅಮ್ಮಿಯ ಚಿಂತೆ ಊಟದ್ದು. ಟರ್ಕಿಯವರ ಅಂಗಡಿಗಳು ನಗರಗಳಲ್ಲಿ ಸಾಮಾನ್ಯ, ಹಲಾಲ್ ಮಾಂಸ ಅಲ್ಲಿ ಸಿಗುತ್ತದೆ ಎಂದ ಮೇಲೆ ಸ್ವಲ್ಪ ಸಮಾಧಾನವಾಯಿತು.

ಪಾಠ ಇಂಗ್ಲಿಷಿನಲ್ಲಿದ್ದರೂ ಕಚೇರಿಯ ಪತ್ರಗಳು ಜರ್ಮನ್ ಭಾಷೆಯಲ್ಲಿ ಬರುತ್ತವೆ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ತರಗತಿಯಲ್ಲಿ ಇಂಗ್ಲಿಷ್ ಮಾತಾಡುವ ನಮಗೆ ನಾಲ್ಕನೆಯ ಭಾಷೆ ಹೊರೆಯಾಗದು. ಹೋಗುವ ಆಸೆ ಇರುವವರು ಡಿಗ್ರಿ ಓದುವಾಗಲೇ ಕಲಿಯಲು ಶುರು ಮಾಡಿ, ಜೊತೆಗೆ ಮೊದಲ ತಿಂಗಳ ಲೆಕ್ಕವನ್ನು ಮನೆಯವರೊಂದಿಗೆ ಕೂತು ಬರೆಯಿರಿ.