ಹತ್ತು ನಿಮಿಷದ ಮಾತು ಮುಗಿದ ಮೇಲೆ

2025ರ ಜುಲೈ 4ರಂದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಶುಭಾಂಶು ಶುಕ್ಲಾ, ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ವಿದ್ಯಾರ್ಥಿಗಳ ಜೊತೆ ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಿ ರೇಡಿಯೊ ಮೂಲಕ ಮಾತಾಡಿದರು. ಇಂಥ ಸಂಭಾಷಣೆಗೆ ಸಿಗುವುದು ಸುಮಾರು ಹತ್ತು ನಿಮಿಷ. ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡುವ ನಿಲ್ದಾಣ ಅಷ್ಟರೊಳಗೆ ದಿಗಂತದಾಚೆ ಇಳಿದಿರುತ್ತದೆ. 1983ರಲ್ಲಿ ಕೊಲಂಬಿಯಾ ನೌಕೆಯಿಂದ ಓವೆನ್ ಗ್ಯಾರಿಯಟ್ ಮೊದಲ ಬಾರಿಗೆ ಭೂಮಿಯ ಹವ್ಯಾಸಿಗಳನ್ನು ಮಾತಾಡಿಸಿದರು. 2000ದಿಂದೀಚೆಗೆ ಶಾಲಾ ಮಕ್ಕಳನ್ನು ಗಗನಯಾನಿಗಳೊಡನೆ ಮಾತಾಡಿಸುವುದು ವಿಜ್ಞಾನ ಪ್ರಸಾರದ ಬಲು ಜನಪ್ರಿಯ ಕಾರ್ಯಕ್ರಮವಾಗಿದೆ. ಮಕ್ಕಳ ಉತ್ಸಾಹ, ಫೋಟೊ, ಮರುದಿನದ ಸುದ್ದಿ ಎಲ್ಲವೂ ಸರಿಯೇ. ಆದರೆ ಗಗನಯಾನಿಯ ದನಿ ಕೇಳಿ ಬೆರಗಾದ ಹುಡುಗಿಗೆ ಮರುದಿನ ಮಾಡಲು ಏನು ಕೊಟ್ಟೆವು? ಏನೂ ಕೊಡದಿದ್ದರೆ ಅದು ವಿಡಿಯೊ ಕರೆಗಿಂತ ಕಳಪೆ: ಚಿತ್ರವೂ ಇಲ್ಲ, ದನಿಯಲ್ಲಿ ಗೊರಗೊರ ಬೇರೆ.

ಹ್ಯಾಮ್ ರೇಡಿಯೊದ ನಿಜವಾದ ಬಲ ಇರುವುದು ಅದು ಉಪಕರಣವನ್ನೇ ಮಕ್ಕಳ ಕೈಗೆ ಕೊಡುವುದರಲ್ಲಿ. ನಿಲ್ದಾಣದ ದನಿ 145.8 ಮೆಗಾಹರ್ಟ್ಸ್‌ನಲ್ಲಿ ಕೆಳಗಿಳಿಯುತ್ತದೆ. ಬೆಳಕಿನ ವೇಗವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ತರಂಗಾಂತರ ಎರಡು ಮೀಟರಿಗಿಂತ ತುಸು ಹೆಚ್ಚು. ಅದರ ಕಾಲು ಭಾಗ ಸುಮಾರು ಅರ್ಧ ಮೀಟರ್. ಆಂಟೆನಾಕ್ಕೆ ಎಷ್ಟು ಉದ್ದದ ತಂತಿ ಕತ್ತರಿಸಬೇಕೆಂದು ಎಂಟನೇ ತರಗತಿಯ ಲೆಕ್ಕವೇ ಹೇಳುತ್ತದೆ, ಲೆಕ್ಕ ಎಡವಟ್ಟಾದರೆ ದನಿ ಕುಗ್ಗಿ ತಪ್ಪನ್ನು ತೋರಿಸುತ್ತದೆ. ನಿಲ್ದಾಣ ಹತ್ತಿರ ಬರುವಾಗ ಅದರ ಆವರ್ತನ ಸುಮಾರು 3.5 ಕಿಲೋಹರ್ಟ್ಸ್‌ನಷ್ಟು ಮೇಲಿರುತ್ತದೆ, ದೂರ ಸರಿಯುವಾಗ ಅಷ್ಟೇ ಕೆಳಗೆ. ಡಾಪ್ಲರ್ ಪರಿಣಾಮವೆಂದು ಬಾಯಿಪಾಠ ಮಾಡಿದ್ದನ್ನು ಇಲ್ಲಿ ಗುಂಡಿ ತಿರುಗಿಸಿ ಸರಿಪಡಿಸಿಕೊಳ್ಳಬೇಕು. ಇನ್ನು 7 ಮೆಗಾಹರ್ಟ್ಸ್‌ಗೆ ಇಳಿದರೆ ಬೇರೆಯದೇ ಪಾಠ. ಹಗಲಲ್ಲಿ ಕೆಲವು ನೂರು ಕಿಲೋಮೀಟರಿಗೆ ನಿಲ್ಲುವ ಸಂಪರ್ಕ ರಾತ್ರಿ ಸಾವಿರಾರು ಕಿಲೋಮೀಟರ್ ದಾಟುತ್ತದೆ. ತಲೆಯ ಮೇಲಿನ ಅಯಾನುಮಂಡಲ ಬಿಸಿಲಿಗೆ ತಕ್ಕಂತೆ ಬದಲಾಗುವುದೇ ಇದಕ್ಕೆ ಕಾರಣ, ಮತ್ತು ಅದರ ಹಿಂದೆ ಸೂರ್ಯನ ಹನ್ನೊಂದು ವರ್ಷದ ಏರಿಳಿತವೂ ಇದೆ.

ಹವ್ಯಾಸಿಗಳ ಈ ಆಟದಿಂದ ವಿಜ್ಞಾನಕ್ಕೆ ಲಾಭವೂ ಆಗಿದೆ. 1912ರಲ್ಲಿ ಅಮೆರಿಕದ ಕಾನೂನು ಹವ್ಯಾಸಿಗಳನ್ನು 200 ಮೀಟರಿಗಿಂತ ಕಿರಿದಾದ, ಆಗ ಕೆಲಸಕ್ಕೆ ಬಾರದವೆಂದು ಎಣಿಸಿದ್ದ ಅಲೆಗಳಿಗೆ ತಳ್ಳಿತು. 1923ರಲ್ಲಿ ಅದೇ ಕಿರು ಅಲೆಗಳ ಮೇಲೆ ಅಮೆರಿಕ ಮತ್ತು ಫ್ರಾನ್ಸಿನ ಹವ್ಯಾಸಿಗಳು ಅಟ್ಲಾಂಟಿಕ್ ದಾಟಿ ಮಾತಾಡಿಕೊಂಡರು. 2017ರ ಆಗಸ್ಟ್ 21ರ ಸೂರ್ಯಗ್ರಹಣದಲ್ಲಿ ಹ್ಯಾಮ್‌ಗಳ ಸಂಪರ್ಕ ದಾಖಲೆಗಳೇ ಅಯಾನುಮಂಡಲದ ಅಧ್ಯಯನಕ್ಕೆ ಮಾಹಿತಿಯಾದವು. ನಮ್ಮಲ್ಲೂ ಇಸ್ರೊ 2005ರ ಮೇ 5ರಂದು ಹವ್ಯಾಸಿಗಳಿಗೆಂದೇ 42.5 ಕಿಲೊ ತೂಕದ ಹ್ಯಾಮ್‌ಸ್ಯಾಟ್ ಉಪಗ್ರಹವನ್ನು ಹಾರಿಸಿತು. ಅದರ ಎರಡು ಟ್ರಾನ್ಸ್‌ಪಾಂಡರ್‌ಗಳಲ್ಲಿ ಒಂದನ್ನು ಕಟ್ಟಿದವನು ನೆದರ್ಲೆಂಡ್ಸಿನ ಒಬ್ಬ ವಿದ್ಯಾರ್ಥಿ. ಉಪಗ್ರಹ 2014ರವರೆಗೆ ದುಡಿಯಿತು.

ಕೈಯಲ್ಲಿ ಮೊಬೈಲ್ ಇರುವಾಗ ಈ ಹಳೇ ಯಂತ್ರ ಯಾಕೆ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಸಾಮಾನ್ಯವಾಗಿ ಬರುವ ಉತ್ತರ ವಿಪತ್ತಿನದು. 2004ರ ಸುನಾಮಿ ಬಂದಾಗ ಹ್ಯಾಮ್ ತಂಡವೊಂದು ಬೇರೆ ಕಾರಣಕ್ಕೆ ಪೋರ್ಟ್ ಬ್ಲೇರ್‌ನಲ್ಲಿತ್ತು. ದೂರವಾಣಿ ಸತ್ತುಹೋದ ದ್ವೀಪಗಳಿಂದ ಸುದ್ದಿ ಹೊರಗೆ ತಲುಪಲು ಅದು ನೆರವಾಯಿತು. ಘಟನೆ ನಿಜ, ಹೆಮ್ಮೆಯದೂ ಹೌದು. ಆದರೂ ಈ ವಾದವನ್ನೇ ಮುಂದೊತ್ತುವುದು ನನಗೆ ಒಪ್ಪಿಗೆಯಿಲ್ಲ. ಇಂದು ರಕ್ಷಣಾ ಪಡೆಗಳ ಬಳಿ ಉಪಗ್ರಹ ಫೋನುಗಳಿವೆ. ಎಂದೋ ಬರಬಹುದಾದ ಪ್ರವಾಹಕ್ಕಾಗಿ ಹದಿಮೂರರ ಹುಡುಗ ಪ್ರತಿ ಭಾನುವಾರ ಸೆಟ್ಟಿನ ಮುಂದೆ ಕೂರುವುದಿಲ್ಲ. ಸಂಪರ್ಕ ಹೇಗೆ ಆಗುತ್ತದೆ ಎಂಬುದನ್ನು ಮೊಬೈಲ್ ಪೂರ್ತಿ ಮುಚ್ಚಿಡುತ್ತದೆ. ಹ್ಯಾಮ್ ಸೆಟ್ಟು ಅದನ್ನು ಬಿಚ್ಚಿ ತೋರಿಸುತ್ತದೆ, ಸಂಪರ್ಕ ಸಿಗದ ದಿನವಂತೂ ಇನ್ನೂ ಚೆನ್ನಾಗಿ. ಆಸಕ್ತಿಯಿಂದ ಕಲಿತವನು ಆಪತ್ತಿನಲ್ಲಿ ತಾನಾಗಿಯೇ ಕೆಲಸಕ್ಕೆ ಬರುತ್ತಾನೆ.

ಪರವಾನಗಿಯ ತೊಡಕು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಕೇಂದ್ರ ಸರ್ಕಾರದ ಪರೀಕ್ಷೆ ಪಾಸಾಗಬೇಕು, ಕಾಲ್ ಸೈನ್ ಪಡೆಯಬೇಕು; ಸೆಟ್ಟು ಕೊಂಡು ಮನಬಂದಂತೆ ಮಾತಾಡುವಂತಿಲ್ಲ. ಭದ್ರತೆಯ ದೃಷ್ಟಿಯಿಂದ ಈ ಕಟ್ಟುನಿಟ್ಟು ಬೇಕು, ಕಲಿಕೆಯ ದೃಷ್ಟಿಯಿಂದಲೂ ಕೆಟ್ಟದ್ದಲ್ಲ. ತನ್ನ ಗುರುತು ಹೇಳದೆ ಮಾತಾಡುವ ಹಾಗಿಲ್ಲ, ಗುಪ್ತ ಸಂಕೇತ ಬಳಸುವ ಹಾಗಿಲ್ಲ, ವ್ಯಾಪಾರದ ಮಾತು ಸಲ್ಲದು, ಆಡಿದ್ದನ್ನು ಯಾರು ಬೇಕಾದರೂ ಕೇಳಬಹುದು. ಹೆಸರಿಲ್ಲದ ಖಾತೆಗಳಲ್ಲಿ ಬೈದಾಡುವ ಕಾಲದಲ್ಲಿ ಮಕ್ಕಳಿಗೆ ಇದು ಹೊಸ ಅನುಭವವೇ. ಖರ್ಚಿನ ಆಕ್ಷೇಪ ಅರ್ಧ ಸತ್ಯ: ದೂರದ ಸಂಪರ್ಕದ ಸೆಟ್ಟು ದುಬಾರಿ, ಅಂಗೈಯಲ್ಲಿ ಹಿಡಿಯುವ ಸೆಟ್ಟು ಕೆಲವು ಸಾವಿರ ರೂಪಾಯಿ, ಆಂಟೆನಾ ಬರೀ ತಂತಿ.

12 ವರ್ಷ ತುಂಬಿದವರು ಪರೀಕ್ಷೆಗೆ ಕೂರಬಹುದು. ಅದರಲ್ಲಿ ಕೇಳುವುದು ವಿದ್ಯುತ್ತಿನ ಪ್ರಾಥಮಿಕ ನಿಯಮಗಳು, ಅಲೆಗಳ ಚಲನೆ, ಆಂಟೆನಾ ಮತ್ತು ರೇಡಿಯೊ ಶಿಸ್ತಿನ ಕಾಯಿದೆ. ಕನ್ನಡದಲ್ಲಿ ವಿವರಿಸಿ ಹೇಳಿದರೆ ಒಂಬತ್ತನೇ ತರಗತಿಯ ಮಕ್ಕಳ ಅಳವಿಗೆ ಮೀರಿದ್ದೇನೂ ಇದರಲ್ಲಿಲ್ಲ. ಶಾಲೆಗೊಂದು ನಿಲಯ ಕಟ್ಟುವುದಕ್ಕಿಂತ ಮೊದಲು ತಾಲ್ಲೂಕಿಗೊಬ್ಬ ವಿಜ್ಞಾನ ಶಿಕ್ಷಕರೋ ಐಟಿಐ ಬೋಧಕರೋ ಪರವಾನಗಿ ಪಡೆದರೆ ಸಾಕು. ಉಳಿದ ಶಾಲೆಗಳ ಮಕ್ಕಳನ್ನು ಶನಿವಾರ ಮಧ್ಯಾಹ್ನ ಅವರಲ್ಲಿಗೆ ಕಳಿಸಬಹುದು. ಪ್ರದರ್ಶನ ಏರ್ಪಡಿಸುವ ಸಂಸ್ಥೆಗಳು ಅತಿಥಿಗಳ ಪಟ್ಟಿಯ ಜೊತೆಗೆ ಮೊದಲ ತರಗತಿಯ ತಾರೀಕನ್ನೂ ಆಹ್ವಾನ ಪತ್ರಿಕೆಯಲ್ಲೇ ಅಚ್ಚು ಹಾಕಿಸಲಿ.